ಐದು ಗಂಟೆಯವರೆಗೆ ಮೇಸ್ತ್ರಿ

ಸಾಹೇಬರಿಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಟೈಲ್ಸ್ ಮೇಸ್ತ್ರಿಯ ಮೇಲೆ. ವಿಮಾ ಕಚೇರಿಯ ಮ್ಯಾನೇಜರಾದ ಅವರನ್ನು ಆಫೀಸಿನಲ್ಲಿ ಎಲ್ಲರೂ ಸಾಹೇಬರೇ ಎನ್ನುತ್ತಾರೆ, ಎದ್ದು ನಿಲ್ಲುತ್ತಾರೆ. ಮನೆಯಲ್ಲಿ ಅವರು ಬಂದರೆ ಫ್ಯಾನ್ ಕೂಡ ತಿರುಗಿ ನೋಡುವುದಿಲ್ಲ. ಆದರೆ ಅಡುಗೆಮನೆ ಗೋಡೆ ನೋಡಲು ಬಂದ ಮೇಸ್ತ್ರಿ ಗೋಡೆಯನ್ನು ಬೆರಳಿನಿಂದ ಕುಟ್ಟಿ, "ಕೆಲ್ಸ ಮಾಡೋವಾಗ ನನ್ನ ಯಾರೂ ಮಾತಾಡಿಸ್ಬಾರ್ದು. ಹನ್ನೊಂದಕ್ಕೆ ಟೀ, ನಾಲ್ಕಕ್ಕೆ ಟೀ. ಐದಕ್ಕೆ ಕೈ ತೊಳ್ಕೊಂಡು ಹೊರಟೆ. ಕಸ ಗುಡ್ಸೋದು, ಸಾಮಾನು ಹೊರೋದು ಮನೆಯವ್ರದ್ದು" ಎಂದಾಗ, ಹೆಂಡತಿ ಏನೆಂದಳು ಗೊತ್ತೇ? "ಆಗ್ಲಿ ಮೇಸ್ತ್ರಿ, ಹಾಗೇ ಮಾಡೋಣ" ಎಂದಳು!

ಇಷ್ಟು ವರ್ಷದ ಸಂಸಾರದಲ್ಲಿ ಸಾಹೇಬರ ಯಾವ ಮಾತಿಗೂ ಅವಳು "ಹಾಗೇ ಮಾಡೋಣ" ಎಂದದ್ದಿಲ್ಲ. ("ನೋಡೋಣ" ಎಂದದ್ದುಂಟು. ಆಮೇಲೆ ಯಾರೂ ನೋಡಿದ್ದಿಲ್ಲ.)

ಮೇಸ್ತ್ರಿ ಗೇಟು ದಾಟಿದ್ದೇ ತಡ, ಘೋಷಣೆ ಹೊರಬಿತ್ತು. "ಅವನ್ಯಾಕೆ? ಟೈಲ್ಸ್ ನಾನೇ ಹಾಕ್ತೀನಿ. ಹೇಗೂ ರಜೆ ಇದೆ. ಆದ್ರೆ ಅವನಿಗೆ ಏನೇನು ಷರತ್ತೋ ನನಗೂ ಅದೇ. ಮಧ್ಯೆ ಸಿಲಿಂಡರ್ ಬದಲಾಯಿಸಿ, ಡಬ್ಬದ ಮುಚ್ಚಳ ತೆಗೀರಿ, ಹಾಲು ತನ್ನಿ ಅಂತ ಕರೆಯೋ ಹಾಗಿಲ್ಲ."

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಸೋಮವಾರದಿಂದ ಅವಳಿಗೆ ಬೆಳಗಿನ ಪಾಳಿ. ಅಷ್ಟರೊಳಗೆ ಅಡುಗೆಮನೆ ಕೈಗೆ ಬಾರದಿದ್ದರೆ, ಹಾಲ್‌ನಲ್ಲಿ ಟಿ.ವಿ. ಪಕ್ಕ ನೆಲದ ಮೇಲಿಟ್ಟ ಒಲೆಯ ಮುಂದೆ ಸೊಂಟ ಮುರಿದುಕೊಂಡು ಬೇಯಿಸಿಟ್ಟು ಡ್ಯೂಟಿಗೆ ಓಡಬೇಕು.

"ಸೋಮವಾರದೊಳಗೆ ಮುಗಿಯುತ್ತಾ?"

"ನನ್ನ ಮಾತು ಅಂದ್ರೆ ಮಾತು."

"ಸರಿ. ಮೇಸ್ತ್ರಿ ಅಂದ್ಮೇಲೆ ಪೂರ್ತಿ ಮೇಸ್ತ್ರಿ" ಎಂದು ಅವಳು ಒಪ್ಪಿಬಿಟ್ಟಳು. ಅಷ್ಟು ಬೇಗ ಒಪ್ಪಿದಾಗಲೇ ಸಾಹೇಬರಿಗೆ ಅನುಮಾನ ಬರಬೇಕಿತ್ತು. ಸಂತೋಷದಲ್ಲಿ ಬರಲಿಲ್ಲ.

ಗುರುವಾರ ಬೆಳಿಗ್ಗೆ ಹಳೇ ಪ್ಯಾಂಟು ತೊಟ್ಟು, ತಲೆಗೆ ಟವೆಲು ಸುತ್ತಿ ಮಲಗುವ ಕೋಣೆಯಿಂದ ಹೊರಬಂದರೆ, ಅವಳು ಎದುರಿಗೇ ನಿಂತಿದ್ದಳು. "ಬಂದ್ರಾ ಮೇಸ್ತ್ರಿ? ಬನ್ನಿ ಬನ್ನಿ." ಸಾಹೇಬರ ಎದೆ ಉಬ್ಬಿತು. ಗೋಡೆಗೆ ರಸಮಟ್ಟ ಹಿಡಿದರು, ಒಂದು ಕಣ್ಣು ಮುಚ್ಚಿದರು, ಸುಮ್ಮನೆ "ಹೂಂ" ಎಂದರು. ಯಾರೂ ಕರೆಯಲಿಲ್ಲ. ಹನ್ನೊಂದಕ್ಕೆ ಸರಿಯಾಗಿ ಟೀ ಬಂತು, ಅದೂ ತಟ್ಟೆಯಲ್ಲಿ! ಸ್ವರ್ಗಕ್ಕೆ ಟೈಲ್ಸ್ ಹಾಕಿದರೂ ಇಷ್ಟು ಸುಖವಿಲ್ಲ ಎಂದುಕೊಂಡರು.

ಹೆಂಡತಿ ತನ್ನ ಲೋಟ ಹಿಡಿದು ಬಾಗಿಲಿಗೆ ಒರಗಿದಳು. "ನಿಮ್ಮ ಕೈ ನೋಡಿದ್ರೆ ಸಂತೋಷ ಆಗುತ್ತೆ ಮೇಸ್ತ್ರಿ. ನಮ್ಮನೆಯವ್ರಿಗೆ ಇದೆಲ್ಲ ಎಲ್ಲಿ ಬರುತ್ತೆ? ಒಂದು ಬಲ್ಬ್ ಹಾಕೋಕೆ ಮೂರು ಜನ ಬೇಕು. ಸ್ಟೂಲ್ ಹಿಡಿಯೋಕೆ ನಾನು, ಟಾರ್ಚ್ ಹಿಡಿಯೋಕೆ ಮಗಳು, ಹೊಗಳೋಕೆ ಪಕ್ಕದ ಮನೆಯವ್ರು."

ಸಾಹೇಬರು ಟೀ ಲೋಟ ಕೆಳಗಿಟ್ಟರು. "ನೋಡಿದ್ರೆ ಒಳ್ಳೆಯವ್ರ ಥರ ಕಾಣ್ತಾರಲ್ಲಮ್ಮ."

"ಕಾಣ್ತಾರೆ" ಎಂದಳು ಅವಳು. ಅಷ್ಟೇ.

ಮಧ್ಯಾಹ್ನ ಊಟವಾದ ಮೇಲೆ ಸೋಫಾದತ್ತ ವಾಲಿದರೆ ಕಾಲೇಜಿಗೆ ಹೋಗುವ ಮಗಳು ಕಿರುಚಿದಳು. "ಮೇಸ್ತ್ರಿ ಅಂಕಲ್, ಮೈಯೆಲ್ಲ ಸಿಮೆಂಟು! ಅಪ್ಪ ಬೈತಾರೆ."

"ಬೈಯಲ್ಲಮ್ಮ."

"ಅಪ್ಪನ ವಿಷಯ ನಿಮಗೇನು ಗೊತ್ತು?"

ಐದು ಹೊಡೆಯಿತು. ಸಾಹೇಬರು ಕರಣೆ ಎಸೆದು, ಕೈ ತೊಳೆದು, ಬಟ್ಟೆ ಬದಲಿಸಿ ಸೋಫಾದಲ್ಲಿ ದೊಪ್ಪನೆ ಬಿದ್ದರು. ಹೆಂಡತಿ ಓಡಿಬಂದಳು.

"ರೀ, ನೀವು ಬಂದದ್ದು ಒಳ್ಳೇದಾಯ್ತು. ಮೇಸ್ತ್ರಿ ಹೋದ್ರು. ಕಸ ಗುಡ್ಸೋದು ನಮ್ದಂತೆ. ಬಾಂಡ್ಲಿ ತೊಳೆದಿಡ್ಬೇಕಂತೆ, ನಾಳೆಯೊಳಗೆ ಟೈಲ್ಸ್ ಡಬ್ಬ ಗೇಟಿಂದ ಒಳಗೆ ತಂದಿರ್ಬೇಕಂತೆ. ನಾನು ಬೆಳಿಗ್ಗೆಯಿಂದ ಅವ್ರ ಟೀ-ಊಟ ನೋಡ್ಕೊಂಡೆ. ನೀವೋ, ದಿನವೆಲ್ಲ ಪತ್ತೆ ಇಲ್ಲ. ಏಳಿ."

ಬೆಳಿಗ್ಗೆ ಮೇಸ್ತ್ರಿ ಉದಾರವಾಗಿ ಚೆಲ್ಲಿದ್ದ ಸಿಮೆಂಟನ್ನೆಲ್ಲ ಸಂಜೆ ಮನೆ ಯಜಮಾನ ಮಂಡಿಯೂರಿ ಕೆರೆದ. ಹಾಲು ತಂದ. ಮುಚ್ಚಳ ತೆಗೆದ. ಸಿಲಿಂಡರ್ ಕೂಡ ಅವತ್ತೇ ಖಾಲಿಯಾಗಬೇಕೆ!

ಆಮೇಲೆ ಗಂಡಹೆಂಡಿರ ತಪಾಸಣೆ. "ರೀ, ಈ ಸಾಲು ಸೊಟ್ಟ ಅಲ್ವಾ?"

"ಗೋಡೆ ಸೊಟ್ಟ."

"ನಾಳೆ ನೀವೇ ಅವ್ರಿಗೆ ಹೇಳಿ. ನಾನು ಹೇಳಿದ್ರೆ ಹೆಂಗಸಿಗೇನು ಗೊತ್ತು ಅಂತ ಕಿವಿಗೇ ಹಾಕ್ಕೊಳಲ್ಲ. ಗಂಡಸ್ರು ಹೇಳಿದ್ರೆ ಕೇಳ್ತಾರೆ."

ಶುಕ್ರವಾರ ಬೆಳಿಗ್ಗೆ ಸಾಹೇಬರನ್ನು ಅಡುಗೆಮನೆಯೊಳಗೆ ಬಿಟ್ಟು, ತಾಯಿ ಮಗಳು ಬಾಗಿಲು ಎಳೆದುಕೊಂಡರು. "ಇಬ್ರೂ ಕೂತು ಮಾತಾಡಿ ಬಗೆಹರಿಸ್ಕೊಳ್ಳಿ!"

ಮೊದಮೊದಲು ಸಾಹೇಬರಿಗೆ ನಾಚಿಕೆಯಾಯಿತು. ಆಮೇಲೆ ಮಜಾ ಬಂತು. ಸೊಂಟದ ಮೇಲೆ ಕೈಯಿಟ್ಟು ಗದರಿದರು: "ಏನಯ್ಯಾ ಇದು, ಸಾಲು ಹಾವು ಹರಿದ ಹಾಗಿದೆ?"

ಆಚೆ ಜಿಗಿದು, ಟವೆಲು ಸುತ್ತಿಕೊಂಡು ತಗ್ಗಿದ ದನಿಯಲ್ಲಿ: "ಗೋಡೆನೇ ಸೊಟ್ಟ ಸಾರ್."

ಈಚೆ ಜಿಗಿದು: "ಅದನ್ನೇ ನಾನೂ ಹೇಳ್ದೆ ಕಣಯ್ಯ!"

"ಸಾರ್, ನಿಮ್ಮಂಥ ತಿಳಿದೋರು ಸಿಗೋದು ಅಪರೂಪ ಸಾರ್."

"ನಿನ್ನಂಥ ಕೆಲಸಗಾರನೂ ಅಷ್ಟೇ. ಮನೇಲಿ ಮಾತ್ರ ಯಾರಿಗೂ ಅರ್ಥ ಆಗಲ್ಲ."

"ಈ ಹೆಂಗಸ್ರೇ ಹಾಗೆ ಸಾರ್. ದಿನಾ ಅಡುಗೆಮನೇಲೇ ಇರ್ತಾರೆ, ಒಂದು ಗೋಡೆ ಗೊತ್ತಾಗಲ್ಲ."

"ಕರೆಕ್ಟಾಗಿ ಹೇಳ್ದೆ!" ಎಂದು ಸಾಹೇಬರು ತಮ್ಮ ಕೈಯನ್ನು ತಾವೇ ಕುಲುಕಿದರು. ಇಬ್ಬರ ಅಭಿಪ್ರಾಯ ಇಷ್ಟು ಸೊಗಸಾಗಿ ಕೂಡಿಬಂದದ್ದು ಅವರ ಜೀವನದಲ್ಲಿ ಅದೇ ಮೊದಲು.

ಬಾಗಿಲು ತೆರೆಯಿತು.

"ಮೇಸ್ತ್ರಿ, ನೀವಿನ್ನು ಹೊರಡಿ, ನಾಳೆಯಿಂದ ಬರ್ಬೇಡಿ" ಎಂದಳು ಹೆಂಡತಿ. "ರೀ, ನೀವು ಇಲ್ಲೇ ಇರಿ. ಮೊನ್ನೆ ಗೋಡೆ ನೋಡೋಕೆ ಬಂದಿದ್ರಲ್ಲ, ಆ ಮೇಸ್ತ್ರಿಗೆ ಈಗ ಫೋನ್ ಮಾಡ್ದೆ. ನಾಳೆ ಬಂದು ಭಾನುವಾರಕ್ಕೆ ಮುಗಿಸ್ಕೊಡ್ತಾರಂತೆ. ಆದ್ರೆ ಇವರು ಹಾಕಿದ್ದನ್ನೆಲ್ಲ ಇವತ್ತೇ ಕಿತ್ತು ಗೋಡೆ ಖಾಲಿ ಮಾಡಿರ್ಬೇಕಂತೆ."

"ಯಾರು ಕೀಳೋದು?"

"ಮೇಸ್ತ್ರಿ ಹೋದ್ರಲ್ಲ. ಮನೇಲಿ ಇರೋ ಗಂಡಸು ನೀವೊಬ್ರೇ."

ಉಳಿ, ಸುತ್ತಿಗೆ ಹಿಡಿದು ಸಾಹೇಬರು ಮೊದಲ ಟೈಲಿಗೆ ಕೈಹಾಕಿದರು. ಸುಲಭವಾಗಿ ಉದುರುತ್ತದೆ ಎಂದುಕೊಂಡಿದ್ದರು. ಅದು ಮಿಸುಕಲಿಲ್ಲ. ಇನ್ನೊಂದು ಏಟು. ಉಹೂಂ. ಸೊಟ್ಟಗಿದ್ದದ್ದು ನಿಜ, ಆದರೆ ಭೂಕಂಪಕ್ಕೂ ಜಗ್ಗದ ಹಾಗೆ ಕೂತಿತ್ತು. ಬೆವರು ಕಣ್ಣಿಗಿಳಿಯಿತು, ತೋಳು ಸೋತಿತು, ಉಳಿ ಜಾರಿ ಹೆಬ್ಬೆರಳು ಕೆಂಪಾಯಿತು. ಸಂಜೆಯಾದರೂ ಅರ್ಧ ಗೋಡೆ ಹಲ್ಲು ಕಿರಿಯುತ್ತಲೇ ಇತ್ತು. ಸಾಹೇಬರ ತಾಳ್ಮೆ ತಪ್ಪಿತು. ಸುತ್ತಿಗೆ ಎತ್ತಿ, ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಯಾವ ದಡ್ಡ ಮುಂಡೇದು ಕಣೇ ಇದನ್ನ ಅಂಟಿಸಿದ್ದು?"

ಹಾಲ್‌ನಲ್ಲಿ ಸೋಫಾದ ಮೇಲೆ ಕಾಲು ಚಾಚಿದ್ದ ಹೆಂಡತಿ, ಪತ್ರಿಕೆಯಿಂದ ತಲೆ ಎತ್ತದೆ ಹೇಳಿದಳು:

"ನನ್ನ ಕೇಳ್ಬೇಡಿ. ನಮ್ಮನೆಯವ್ರೇ ಗೊತ್ತು ಮಾಡಿದ್ದು."