ಜೋಡಿ ಗಿಳಿಯ ಪತ್ತಾಯ ಮತ್ತು ನನ್ನ ಕೆಮ್ಮು

ಅಳತೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕುಗಳಲ್ಲಿ ಯಾರೂ ಇಲ್ಲ. ಇದು ಜಂಬದ ಮಾತಲ್ಲ. ಮೂವತ್ತು ವರ್ಷದಿಂದ ಕೊಪ್ಪದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವನ ವಿನಯದ ಮಾತು! ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಸೊಂಟ ಎಷ್ಟು ಇಂಚು, ಮದುವೆಯಾದ ಮೇಲೆ ಎಷ್ಟು ಹೆಚ್ಚಿದೆ ಎಂದು ಕಣ್ಣಳತೆಯಲ್ಲೇ ಹೇಳಬಲ್ಲೆ. ಊಟಕ್ಕೆ ಕೂತಾಗಲೂ ಟೇಪು ನನ್ನ ಕೊರಳಲ್ಲೇ ಇರುತ್ತದೆ. ಸ್ನಾನಕ್ಕೆ ಹೋಗುವಾಗ ತೆಗೆಯುತ್ತೇನೆ, ಅದೂ ಹೆಂಡತಿ ನೆನಪಿಸಿದರೆ.

ಇಂಥ ನಾನು ಒಂದು ಹರಾಜಿನಲ್ಲಿ ಗೆದ್ದ ಕಥೆ ಇದು. ಗೆದ್ದೆ ಎಂಬುದನ್ನು ಓದುಗರು ಕೊನೆಯವರೆಗೂ ನೆನಪಿಟ್ಟುಕೊಳ್ಳಬೇಕಾಗಿ ವಿನಂತಿ. ನಡುನಡುವೆ ಅನುಮಾನ ಬರಬಹುದು.

ನಮ್ಮಲ್ಲೊಂದು ಹಳೇ ವಾರಪತ್ರಿಕೆ ಇದೆ. ನಾಲ್ಕೇ ಪುಟ. ಸುದ್ದಿ ಬರೆಯುವವರು, ಅಚ್ಚು ಹಾಕಿಸುವವರು, ಚಂದಾ ಕೇಳಿಕೊಂಡು ಬರುವವರು ಎಲ್ಲ ಒಬ್ಬರೇ, ನಮ್ಮ ಸಂಪಾದಕರು. ಅದರಲ್ಲಿ ಸುದ್ದಿಯನ್ನು ಯಾರೂ ಓದುವುದಿಲ್ಲ, ಏಕೆಂದರೆ ಪತ್ರಿಕೆ ಬರುವ ಹೊತ್ತಿಗೆ ಸುದ್ದಿ ಎಲ್ಲರಿಗೂ ಗೊತ್ತಿರುತ್ತದೆ. ನಾವು ಓದುವುದು ಕೊನೆಯ ಪುಟದ ಜಾಹೀರಾತು. ‘ಎಮ್ಮೆ ಮಾರಾಟಕ್ಕಿದೆ. ಎಮ್ಮೆ ಬಹಳ ಸಾಧು. ಮಾಲೀಕರನ್ನು ಸಂಜೆ ಆರರ ಒಳಗೆ ಮಾತ್ರ ಕಾಣುವುದು.’ ‘ಬಸರೀಕಟ್ಟೆ ಹತ್ತಿರ ನಾಯಿ ಕಾಣೆಯಾಗಿದೆ. ಹೆಸರು ಹಿಡಿದು ಕರೆದರೆ ಬರುವುದಿಲ್ಲ, ಬಿಸ್ಕೆಟ್ ತೋರಿಸಿ.’ ಇಂಥದ್ದನ್ನು ಬಿಟ್ಟು ಮುಖ್ಯಮಂತ್ರಿ ಏನು ಹೇಳಿದರು ಎಂದು ಓದುವವರು ಯಾರು?

ಒಂದು ಶುಕ್ರವಾರ ಆ ಪುಟದಲ್ಲಿ ಹೀಗಿತ್ತು: ‘ಕಮ್ಮರಡಿ ಹತ್ತಿರ ಹಳೇ ಮನೆ ಕೆಡವಿ ಹೊಸದು ಕಟ್ಟುವುದರಿಂದ, ಕೃಷಿ ಸಾಮಾನುಗಳ ಬಹಿರಂಗ ಹರಾಜು, ಭಾನುವಾರ ಹತ್ತು ಗಂಟೆಗೆ. ಅಡಿಕೆ ಬೇಯಿಸುವ ಹಂಡೆ, ಔಷಧಿ ಹೊಡೆಯುವ ಪಂಪು, ಗಾಡಿಯ ಚಕ್ರ ಎರಡು, ಜೋಡಿ ಗಿಳಿ ಕೆತ್ತಿದ ಹಲಸಿನ ಮರದ ಪತ್ತಾಯ ಒಂದು (ಒಂದು ಗಿಳಿಗೆ ಕೊಕ್ಕಿಲ್ಲ). ಸಾಮಾನನ್ನು ಒಂಬತ್ತು ಗಂಟೆಯಿಂದ ನೋಡಬಹುದು. ಸಾಗಿಸುವ ಹೊಣೆ ಕೊಂಡವರದು.’

ಕೊಕ್ಕಿಲ್ಲದ ಗಿಳಿ! ಆ ಸಾಲನ್ನು ಇನ್ನೊಮ್ಮೆ ಓದಿದೆ.

ಪತ್ತಾಯವೆಂದರೆ ಭತ್ತ, ಅಕ್ಕಿ ತುಂಬಿಡುವ ಮರದ ದೊಡ್ಡ ಪೆಟ್ಟಿಗೆ. ಈ ಪತ್ತಾಯ ನನ್ನ ಹೆಂಡತಿ ಗಿರಿಜೆಯ ಅಪ್ಪನ ಮನೆಯದು. ಅದರ ಗಿಳಿಯ ಕೊಕ್ಕನ್ನು ಒನಕೆಯಿಂದ ಮುರಿದವಳೂ ಅವಳೇ. ಅಣ್ಣತಮ್ಮಂದಿರಲ್ಲಿ ಮನೆ ಪಾಲಾದಾಗ ಪತ್ತಾಯವನ್ನು ಯಾರಿಗೋ ಮಾರಿಬಿಟ್ಟರು. ಆ ದಿನ ಶಾಲೆಯಿಂದ ಬಂದವಳು ಪತ್ತಾಯ ಇದ್ದ ಜಾಗದಲ್ಲಿ ಕೂತು ಅತ್ತಳಂತೆ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನಮ್ಮ ಮನೆಯಲ್ಲಿ ಇಲಿ ಅಕ್ಕಿಚೀಲ ಕಡಿದಾಗಲೆಲ್ಲ ಅದೇ ಮಾತು. "ನಮ್ಮಪ್ಪನ ಮನೆ ಪತ್ತಾಯ ಇದ್ದಿದ್ರೆ ಇಲಿ ಹತ್ರ ಬರ್ತಿತ್ತಾ? ನೀವು ಈ ಮನೆಗೆ ಸರಿಯಾದ ಒಂದು ಸಾಮಾನು ತಂದದ್ದುಂಟಾ?"

ಉಂಟು ಎಂದು ತೋರಿಸುವ ದಿನ ಬಂದಿತ್ತು. ಅವಳಿಗೆ ಗೊತ್ತಾಗದ ಹಾಗೆ ತಂದು, ಮುಂದೆ ನಿಲ್ಲಿಸಿ, ಅವಳ ಮುಖ ನೋಡಬೇಕು ಎಂಬ ಆಸೆ ನನ್ನದು. ಅದಕ್ಕೆ ಮೊದಲು ಜಾಹೀರಾತು ಅವಳ ಕಣ್ಣಿಗೆ ಬೀಳಬಾರದು. ಅಂಗಡಿಯ ಕತ್ತರಿ ತೆಗೆದು, ನಾಲ್ಕು ಮೂಲೆ ನೇರವಾಗಿ, ಬಹಳ ಅಂದವಾಗಿ ಆ ಜಾಹೀರಾತನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಪತ್ರಿಕೆಯ ಕೊನೆಯ ಪುಟಕ್ಕೊಂದು ಕಿಟಕಿಯಾಯಿತು. ಎಂಥ ಬುದ್ಧಿವಂತ ನಾನು!

ಇನ್ನೊಂದು ತೊಡಕಿತ್ತು. ನಮ್ಮ ಕಡೆ ಹರಾಜಿಗೆ ಹೋಗಿ, ಮನೆಯವರ ಎದುರೇ ನಿಂತು ಅವರ ಸಾಮಾನಿಗೆ ಬೆಲೆ ಕೂಗುವುದು ಮರ್ಯಾದೆಯಲ್ಲ. ಅವರು ಕೊಟ್ಟ ಕಾಫಿ ಕುಡಿದು ಅವರ ಹಂಡೆಗೆ ಕಡಿಮೆ ಬೆಲೆ ಹೇಳುವುದು ಹೇಗೆ? ಬೇಕಾದವರು ಬೇರೆ ಯಾರನ್ನಾದರೂ ಮುಂದೆ ಬಿಟ್ಟು ಕೂಗಿಸುತ್ತಾರೆ, ತಾವು ಸುಮ್ಮನೆ ಬಂದವರ ಹಾಗೆ ಮೂಲೆಯಲ್ಲಿ ನಿಲ್ಲುತ್ತಾರೆ. ಹಾಗೆ ಕೂಗಲು ಎಲ್ಲರೂ ನಂಬುವ ಮನುಷ್ಯನೆಂದರೆ ನಮ್ಮ ಪಕ್ಕದ ಪಾತ್ರೆ ಅಂಗಡಿಯ ಅಬ್ಬಾಸಣ್ಣ. ಅವರ ಹೊಟ್ಟೆಯೊಳಗೆ ಹೋದ ಗುಟ್ಟು ಹೊರಗೆ ಬರುವುದಿಲ್ಲ. ಶನಿವಾರ ಸಂಜೆ ಅವರ ಅಂಗಡಿಗೆ ಹೋದೆ.

"ಅಬ್ಬಾಸಣ್ಣ, ಪತ್ತಾಯ ನನಗೆ ಬೇಕು. ನಾನು ಕೆಮ್ಮಿದಾಗೆಲ್ಲ ನೀವು ಏರಿಸಬೇಕು. ಗಿರಿಜಂಗೆ ಮಾತ್ರ ಗೊತ್ತಾಗ್ಬಾರ್ದು."

ಅಬ್ಬಾಸಣ್ಣ ನನ್ನನ್ನು ಒಂದು ಥರ ನೋಡಿದರು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿದರು. "ಯಾರಿಗೂ ಹೇಳಲ್ಲ ಮಾರಾಯ್ರೆ. ಮಾತು ಅಂದ್ರೆ ಮಾತು" ಎಂದರು.

ಭಾನುವಾರ ಬೆಳಿಗ್ಗೆ ಗಿರಿಜೆಗೆ, "ಎನ್.ಆರ್.ಪುರಕ್ಕೆ ಹೋಗಿ ಅಂಗಿ ಗುಂಡಿ ತಗೊಂಡ್ ಬರ್ತೀನಿ" ಎಂದೆ.

"ಕೊಪ್ಪದಲ್ಲಿ ಗುಂಡಿ ಮುಗ್ದು ಹೋತಾ?"

"ಇದು ಬೇರೆ ನಮೂನೆ ಗುಂಡಿ."

ಅವಳು ಹೆಚ್ಚು ಕೇಳಲಿಲ್ಲ. "ನಾನೂ ಶೃಂಗೇರಿಗೆ ಅಕ್ಕನ ಮನೆಗೆ ಹೋಗಿ ಬರ್ತೀನಿ" ಎಂದು ಫೋನು ಚಾರ್ಜಿಗೆ ಹಾಕಿದಳು. ದೇವರೇ ದಾರಿ ಮಾಡಿಕೊಟ್ಟ ಎಂದುಕೊಂಡೆ.

ಹರಾಜಿನ ಮನೆಯ ಅಂಗಳದಲ್ಲಿ ನಲವತ್ತು ಜನ ಸೇರಿದ್ದರು. ಯಾರನ್ನು ಕೇಳಿದರೂ ಒಂದೇ ಉತ್ತರ. "ನಾನಾ? ಈ ದಾರೀಲಿ ಹೋಗ್ತಿದ್ದೆ, ಸುಮ್ನೆ ಬಂದೆ." ಆ ಮನೆ ಇದ್ದದ್ದು ದಾರಿ ಮುಗಿಯುವ ಜಾಗದಲ್ಲಿ, ಅದರಾಚೆ ಗುಡ್ಡ! ಮನೆಯ ಯಜಮಾನರಾದ ಸೂರಪ್ಪನವರು ಪಾಪ, "ಒಳಗೆ ಬನ್ನಿ, ಸಾಮಾನು ನೋಡಿ" ಎಂದು ಕರೆದೇ ಕರೆದರು. ಹೋದರೆ ಸಾಮಾನಿಗೆ ಬಂದವರೆಂದು ತಿಳಿಯುವುದಿಲ್ಲವೇ? ಯಾರೂ ಕದಲಲಿಲ್ಲ. ಪತ್ತಾಯ ಒಳಗೆ ಕತ್ತಲೆಯ ಕೋಣೆಯಲ್ಲಿತ್ತು. ನಾನು ದೂರದಿಂದ, ಕಾಫಿ ಲೋಟದ ಮರೆಯಲ್ಲಿ, ಮುಚ್ಚಳದ ಮೂಲೆಯಷ್ಟನ್ನು ಕಂಡೆ. ಗಿಳಿ ಕಂಡಿತು, ಕೊಕ್ಕು ಕಾಣಲಿಲ್ಲ. ಅಷ್ಟು ಸಾಕು.

"ಎಂತ ಟೈಲರ್ರೆ, ಅಳತೆ ತಗೊಳ್ಳೋಕೆ ಬಂದದ್ದಾ?" ಸೂರಪ್ಪನವರು ನನ್ನ ಕೊರಳು ನೋಡಿ ಕೇಳಿದರು.

ಟೇಪು! ನೇತಾಡುತ್ತಿತ್ತು. ನಾಚಿಕೆಯಿಂದ ಕೂಡಲೇ ಸುತ್ತಿ ಜೇಬಿಗೆ ಹಾಕಿಕೊಂಡು, "ಇಲ್ಲ ಇಲ್ಲ, ಸುಮ್ನೆ ಬಂದೆ" ಎಂದೆ. ಈ ಒಂದು ಮಾತನ್ನು ಮುಂದೆ ಎಷ್ಟು ಸಲ ನೆನೆಸಿಕೊಂಡು ಹಣೆ ಚಚ್ಚಿಕೊಂಡೆನೋ ಲೆಕ್ಕವಿಲ್ಲ.

ಹರಾಜು ಕೂಗುವವರೂ ಸಂಪಾದಕರೇ. ಹಂಡೆ ಹೋಯಿತು, ಪಂಪು ಹೋಯಿತು, ಚಕ್ರ ಹೋಯಿತು. "ಈಗ ಪತ್ತಾಯ!" ಎಂದರು. ಮೊದಲು ನಾಲ್ಕೈದು ಜನ ಕೂಗಿದರು. ನಾನು ಕೆಮ್ಮಿದೆ. ಅಬ್ಬಾಸಣ್ಣ ಏರಿಸಿದರು. ಅವರೆಲ್ಲ ಒಬ್ಬೊಬ್ಬರಾಗಿ ಕೈಬಿಟ್ಟರು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅಬ್ಬಾಸಣ್ಣನ ಫೋನು ಹೊಡೆದುಕೊಂಡಿತು. ಕಿವಿಗಿಟ್ಟು "ಹ್ಞೂಂ, ಹ್ಞೂಂ" ಎಂದವರು, ತಮ್ಮ ಬೆಲೆಯ ಮೇಲೆ ತಾವೇ ಇನ್ನೂರು ಏರಿಸಿದರು!

ಸಂಪಾದಕರು ಕನ್ನಡಕ ತೆಗೆದರು. "ಅಬ್ಬಾಸಣ್ಣ, ನಿಮ್ ಮೇಲೆ ನೀವೇ ಏರ್ಸ್ತಾ ಇದ್ದೀರಿ."

"ಗೊತ್ತು. ನನ್ ಹತ್ರ ಎರಡು ಪಾರ್ಟಿ ಉಂಟು. ಇದು ಎರಡನೇ ಪಾರ್ಟಿದು."

ನನಗೆ ಮೈಯೆಲ್ಲ ಉರಿಯಿತು. ನನ್ನ ಹೆಂಡತಿಯ ಪತ್ತಾಯದ ಮೇಲೆ ಕಣ್ಣಿಟ್ಟ ಆ ನೀಚ ಯಾರು? ಕೆಮ್ಮಿದೆ. ಅಬ್ಬಾಸಣ್ಣ ಏರಿಸಿದರು. ಫೋನಿನಲ್ಲಿ "ಹ್ಞೂಂ" ಎಂದು ಮತ್ತೆ ಏರಿಸಿದರು. ಪುನಃ ಕೆಮ್ಮಿದೆ. ಅಂಗಳದ ನಲವತ್ತು ಜನ ಒಬ್ಬನೇ ಮನುಷ್ಯ ತನ್ನ ಜೊತೆ ತಾನೇ ಜಗಳವಾಡುವುದನ್ನು ಬಾಯಿಬಿಟ್ಟು ನೋಡುತ್ತಿದ್ದರು. ಪತ್ತಾಯದ ಬೆಲೆ ಮಿಕ್ಸಿಯ ಬೆಲೆ ದಾಟಿ, ಫ್ರಿಜ್ಜಿನ ಬೆಲೆ ಮುಟ್ಟಿ, ಎರಡು ಬಾಗಿಲ ಫ್ರಿಜ್ಜಿನ ಕಡೆ ಹೊರಟಿತು. ಈ ನಡುವೆ ಸೂರಪ್ಪನವರ ಹೆಂಡತಿ ಒಂದು ಲೋಟ ಹಿಡಿದುಕೊಂಡು ಬಂದರು.

"ಆಗ್ಲಿಂದ ನೋಡ್ತಾ ಇದ್ದೀನಿ, ಎಂಥ ಕೆಮ್ಮು ನಿಮ್ಗೆ! ಕಾಳುಮೆಣಸಿನ ಕಷಾಯ. ಕುಡೀರಿ."

ಕುಡಿದೆ. ಖಾರ ನೆತ್ತಿಗೇರಿ ನಿಜವಾದ ಕೆಮ್ಮು ಹತ್ತಿತು! ಒಂದಲ್ಲ, ಎರಡಲ್ಲ, ಸಾಲಾಗಿ ಒಂಬತ್ತು. ಅಬ್ಬಾಸಣ್ಣ ಪ್ರಾಮಾಣಿಕ ಮನುಷ್ಯ. ಒಂಬತ್ತು ಸಲವೂ ಏರಿಸಿದರು.

ಆಮೇಲೆ ಫೋನಿನಲ್ಲಿ "ಹಲೋ, ಹಲೋ" ಎಂದರು. ಉತ್ತರವಿಲ್ಲ. ಆ ಕಡೆ ಫೋನು ಕಡಿದುಹೋಗಿತ್ತು. ಸಂಪಾದಕರು ಒಂದು, ಎರಡು, ಮೂರು ಎಂದು ಮುಗಿಸಿದರು. ಗೆದ್ದೆ! ಕಣ್ಣಲ್ಲಿ ನೀರಿತ್ತು. ಅರ್ಧ ಸಂತೋಷದ್ದು, ಅರ್ಧ ಕಾಳುಮೆಣಸಿನದ್ದು.

ಹೊಸ ಜಿಗ್‌ಜಾಗ್ ಮಷಿನ್‌ಗೆಂದು ಎತ್ತಿಟ್ಟಿದ್ದ ಹಣವನ್ನು ಅಲ್ಲೇ ಕೊಟ್ಟು ಬರಿಗೈಯಾದೆ. ಎಂಟು ಜನ ಹೊತ್ತು ಪತ್ತಾಯವನ್ನು ಪಿಕಪ್ಪಿಗೆ ಏರಿಸಿ, ಅಬ್ಬಾಸಣ್ಣನ ಜೊತೆ ತಾವೂ ಹತ್ತಿಕೊಂಡರು. ಸೂರಪ್ಪನವರ ಹಳೇ ಮನೆಯ ಕೋಣೆಗೆ ಆನೆ ನುಗ್ಗುವಷ್ಟು ದೊಡ್ಡ ಜೋಡಿ ಬಾಗಿಲು. ಪತ್ತಾಯ ಸಲೀಸಾಗಿ ಹೊರಗೆ ಬಂತು. ನಾನು ಹಿಂದೆ ಪತ್ತಾಯದ ಮೇಲೆಯೇ ಕೂತು, ಕಮ್ಮರಡಿಯಿಂದ ಕೊಪ್ಪದವರೆಗೆ ಗೆದ್ದ ರಾಜನ ಹಾಗೆ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಕೈ ಬೀಸಿದೆ. ಯಾರೂ ತಿರುಗಿ ಬೀಸಲಿಲ್ಲ, ಹೊಟ್ಟೆಕಿಚ್ಚು!

ಗಿರಿಜೆ ನನಗಿಂತ ಮೊದಲೇ ಬಂದಿದ್ದಳು. ಜಗಲಿಯಲ್ಲಿ ಕೂತಿದ್ದಳು, ಕಣ್ಣು ಕೆಂಪಾಗಿತ್ತು.

"ಎಂತ ಆತು?" ಎಂದೆ, ಪಿಕಪ್ಪಿನಿಂದ ಇಳಿದು ಓಡಿಬಂದು.

"ನಮ್ಮಪ್ಪನ ಪತ್ತಾಯ ಹರಾಜಿಗೆ ಬಂದಿತ್ತು. ಯಾರೋ ಹುಚ್ಚ ಏರ್ಸಿ ಏರ್ಸಿ ಹೊತ್ಕೊಂಡ್ ಹೋದ. ನನ್ ಫೋನೂ ಸತ್ ಹೋತು…" ಅಷ್ಟರಲ್ಲಿ ಅವಳ ಕಣ್ಣು ಪಿಕಪ್ಪಿನ ಮೇಲೆ ಬಿತ್ತು.

ನಾನು ಎದೆಯುಬ್ಬಿಸಿ ಹೇಳಿದೆ. "ಆ ಹುಚ್ಚ ನಾನೇ!"

ಹೇಳಿದ ಮೇಲೆ ಅರ್ಥವಾಯಿತು. ಇಬ್ಬರೂ ಒಟ್ಟಿಗೆ ಅಬ್ಬಾಸಣ್ಣನ ಕಡೆ ತಿರುಗಿದೆವು. ಅವರು ಪಿಕಪ್ಪಿನ ಹಗ್ಗ ಬಿಚ್ಚುವುದರಲ್ಲಿ ಬಹಳ ಮಗ್ನರಾಗಿದ್ದರು.

"ಗಿರಿಜಕ್ಕ ಮೊದ್ಲು ಬಂದು ಯಾರಿಗೂ ಹೇಳ್ಬೇಡಿ ಅಂದ್ರು. ಆಮೇಲೆ ನೀವು ಬಂದು ಯಾರಿಗೂ ಹೇಳ್ಬೇಡಿ ಅಂದ್ರಿ. ಇಬ್ರಿಗೂ ಮಾತು ಕೊಟ್ಟಿದ್ದೆ. ನಾನೆಂತ ಮಾಡ್ಲಿ ಮಾರಾಯ್ರೆ?"

"ನಿನಗೆ ಜಾಹೀರಾತು ಸಿಕ್ಕಿದ್ದು ಎಲ್ಲಿ?" ಎಂದು ಗಿರಿಜೆಯನ್ನು ಕೇಳಿದೆ.

"ನೀವು ಪೇಪರಲ್ಲಿ ಕಿಟಕಿ ಕೊರೆದಿದ್ರಲ್ಲ! ಅಷ್ಟು ನೇರವಾಗಿ ಕತ್ತರ್ಸೋರು ಈ ಮನೇಲಿ ಬೇರೆ ಯಾರಿದ್ದಾರೆ? ಎಂತ ಮುಚ್ಚಿಟ್ರು ಅಂತ ಪಕ್ಕದ ಮನೆ ಪೇಪರ್ ತಂದು ಓದ್ದೆ. ನಾನು ತಗೋಬಾರ್ದು ಅಂತ ಬಚ್ಚಿಟ್ಟಿದ್ದೀರಿ ಅಂದ್ಕೊಂಡೆ."

ಕಿಟಕಿ ಕೊರೆಯದೇ ಇದ್ದಿದ್ದರೆ ಅವಳು ನನಗೇ ಬಂದು ಹೇಳುತ್ತಿದ್ದಳು, ಆ ಎರಡನೇ ಪಾರ್ಟಿಯೇ ಇರುತ್ತಿರಲಿಲ್ಲ. ಪತ್ತಾಯ ಮಿಕ್ಸಿಯ ಬೆಲೆಗೆ ಸಿಗುತ್ತಿತ್ತು. ಇರಲಿ. ಗೆದ್ದೆನಲ್ಲ!

"ಸರಿ, ಒಳಗೆ ತಗೊಳ್ಳಿ" ಎಂದೆ. ಎಂಟು ಜನ ಎತ್ತಿದರು. ಬಾಗಿಲಿಗೆ ತಂದರು. ನಿಂತರು.

ನೇರವಾಗಿ ತಂದರು, ಅಡ್ಡವಾಗಿ ತಂದರು, ಮಲಗಿಸಿದರು, ನಿಲ್ಲಿಸಿದರು. ಹಿತ್ತಿಲ ಬಾಗಿಲಿಗೆ ಒಯ್ದರು. ಬೀದಿಯವರೆಲ್ಲ ಬಂದು ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದರು. ಕೊನೆಗೆ ಆಚಾರಿಯನ್ನು ಕರೆಸಿದೆವು. ಅವನು ಪತ್ತಾಯವನ್ನು ತಟ್ಟಿ ನೋಡಿ, "ಮೊಳೆ ಇಲ್ದೆ ಕೂಡ್ಸಿದ ಹಳೇ ಕೆಲ್ಸ. ಬಿಚ್ಚಿದ್ರೆ ಮತ್ತೆ ಕೂರಲ್ಲ" ಎಂದ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಗೌರವದಿಂದ ಕೇಳಿದ. "ಒಂದು ಟೇಪು ಸಿಗಬಹುದಾ?"

ಬೀದಿಯೆಲ್ಲ ನಕ್ಕಿತು. ನಾನು ಜೇಬಿನಿಂದ ಟೇಪು ತೆಗೆದುಕೊಟ್ಟೆ. ಬಾಗಿಲಿಗಿಂತ ಪತ್ತಾಯ ಬರೋಬ್ಬರಿ ಏಳು ಇಂಚು ಹೆಚ್ಚು. ಏಳು ಇಂಚು! ಒಂದು ಇಂಚಿಗೆ ಗಿರಾಕಿಗಳ ಜೊತೆ ಜಗಳವಾಡಿದವನು ನಾನು.

ಗಿರಿಜೆ ಪತ್ತಾಯದ ಮೇಲೆ ಕೈಯಿಟ್ಟು ನಿಂತಿದ್ದಳು. "ಬಿಚ್ಚೋದೂ ಬೇಡ, ಕೊಯ್ಯೋದೂ ಬೇಡ. ಇನ್ನೊಂದ್ ಸಲ ಇದನ್ನ ಕಳ್ಕೊಳ್ಳೋಕೆ ನನ್ ಕೈಲಿ ಆಗಲ್ಲ" ಎಂದಳು. ಅವಳ ದನಿ ಕೇಳಿ ಆಚಾರಿ ಟೇಪು ಸುತ್ತಿ ನನ್ನ ಕೈಗೆ ಕೊಟ್ಟ. ನನಗೆ ಸಂಕಟವಾಯಿತು. ಮನೆಯ ಬಾಗಿಲವರೆಗೆ ತಂದು ಹೊರಗೆ ನಿಲ್ಲಿಸಿದೆನಲ್ಲ ಎನಿಸಿತು.

ಆಗ ಅಬ್ಬಾಸಣ್ಣ ಮೆಲ್ಲಗೆ, "ನಿಮ್ಮ ಅಂಗಡಿಗೆ ಶಟರ್ ಉಂಟಲ್ಲ ಮಾರಾಯ್ರೆ" ಎಂದರು.

ಶಟರ್! ಇಡೀ ಅಂಗಡಿಯಷ್ಟು ಅಗಲ! ಹೋ ಎಂದು ಎಲ್ಲರೂ ಹೊರಟರು. ಈ ಸಲ ಅಳತೆ ತೆಗೆದವಳು ಗಿರಿಜೆ. ಪತ್ತಾಯ ಒಳಗೆ ಹೋಗಿ ಕೂತಿತು, ಅಲ್ಲಿಗೇ ಮಾಡಿಸಿದ ಹಾಗೆ. ಅವಳು ಮುಚ್ಚಳ ಎತ್ತಿದಳು. ಒಳಬದಿಯಲ್ಲಿ ಮೊಳೆಯಿಂದ ಗೀಚಿದ ಸೊಟ್ಟ ಅಕ್ಷರದಲ್ಲಿ ‘ಗಿರಿಜಾ’ ಎಂದಿತ್ತು. ಅವಳು ಅದರ ಮೇಲೆ ಬೆರಳಾಡಿಸಿ ಅತ್ತಳು, ಆಮೇಲೆ ನನ್ನನ್ನು ನೋಡಿ ನಕ್ಕಳು. ಇಪ್ಪತ್ತಾರು ವರ್ಷದಲ್ಲಿ ಅಂಥ ನಗೆ ನಾನು ಕಂಡಿರಲಿಲ್ಲ. ಎರಡು ಬಾಗಿಲ ಫ್ರಿಜ್ಜೇನು, ಮೂರು ಬಾಗಿಲಿನದಾದರೂ ಕೊಡಬಹುದಿತ್ತು!

ಗೆದ್ದೆನೋ ಇಲ್ಲವೋ, ನೀವೇ ಹೇಳಿ. ಮನೆಯ ಅಕ್ಕಿ ಈಗ ಅಂಗಡಿಯಲ್ಲಿ, ಒಂದು ಇಲಿಯೂ ಹತ್ತಿರ ಸುಳಿಯುವುದಿಲ್ಲ. ಒಳಗೆ ಜಾಗವಿಲ್ಲದ್ದರಿಂದ ನಾನು ಮತ್ತು ನನ್ನ ಮಷಿನ್ ಹೊರಗೆ ಜಗಲಿಯಲ್ಲಿ. ಅನ್ನಕ್ಕೆ ಅಕ್ಕಿ ತೆಗೆಯಲು ಗಿರಿಜೆ ದಿನಕ್ಕೆರಡು ಸಲ ಅಂಗಡಿಗೆ ಬರುತ್ತಾಳೆ, ಬಂದವಳು ಬೇಗ ಹೋಗುವುದಿಲ್ಲ.

ಮುಂದಿನ ಶುಕ್ರವಾರದ ಪತ್ರಿಕೆಯ ಕೊನೆಯ ಪುಟದಲ್ಲಿ, ನನ್ನನ್ನು ಕೇಳದೆ ಅವಳು ಹಾಕಿಸಿದ ಜಾಹೀರಾತು ಬಂತು: ‘ಕೊಪ್ಪದಲ್ಲಿ ಉತ್ತಮ ಹೊಲಿಗೆ. ಅಂಗಡಿಯ ಗುರುತು: ಜೋಡಿ ಗಿಳಿಯ ಪತ್ತಾಯ. ವಿಶೇಷ ಸೂಚನೆ: ಇನ್ನು ಮುಂದೆ ಅಳತೆಯನ್ನು ಮಾಲೀಕರ ಪತ್ನಿಯವರೇ ತೆಗೆದುಕೊಳ್ಳುತ್ತಾರೆ.’

ಕೊರೆದು ಕಿಟಕಿ ಮಾಡೋಣವೆಂದು ಕೈ ಹೋಯಿತು. ಆದರೆ ಕತ್ತರಿ ಪತ್ತಾಯದೊಳಗಿತ್ತು, ಬೀಗದ ಕೈ ಅವಳ ಸೊಂಟದಲ್ಲಿ.