ಬೈರಣ್ಣನ ಟೆಂಟಿನಲ್ಲಿ ಬಂಗಾಳಿ ಅಪ್ಸರೆ

ಎಡವಟ್ಟಿಗೆಲ್ಲ ಕಾರಣ ಅದಲುಬದಲಾದ ಒಂದು ಫಿಲ್ಮ್ ಡಬ್ಬ. ಬನಶಂಕರಿ ಕಡೆಯ ತನ್ನ ರಾಗಿ ಹೊಲದಲ್ಲಿ ಸಿನಿಮಾ ಟೆಂಟು ಹಾಕಿದ್ದ ಬೈರಣ್ಣನಿಗೆ ತಮಿಳು ಪೌರಾಣಿಕ ಬರಬೇಕಿತ್ತು. ಬಂದದ್ದು ಬಂಗಾಳಿ ಚಿತ್ರ. ಯಾವುದೋ ಹಳೇ ನಾಟಕದ ಕತೆಯಂತೆ: ಶಾಪ ಹೊತ್ತ ಅಪ್ಸರೆ ಕಲ್ಕತ್ತೆಯ ಮೆಸ್ಸಿನಲ್ಲಿ ಅಡುಗೆಗೆ ಸೇರಿ ಗುಮಾಸ್ತನೊಬ್ಬನನ್ನು ಗೋಳು ಹುಯ್ದುಕೊಳ್ಳುತ್ತಾಳೆ. ಒಂದೇ ಸಂಜೆ ಆಟ, ಬೆಳಿಗ್ಗೆ ಡಬ್ಬ ವಾಪಸ್.

ಸುದ್ದಿ ಕೇಳಿ ಜಯನಗರದ ಜಯದೇವಪ್ಪನವರ ಎದೆ ಒಲೆ ಮೇಲಿನ ಹಾಲಿನಂತೆ ಉಕ್ಕಿತು. ಅಂಚೆ ಇಲಾಖೆ ಅವರನ್ನು ಏಳು ವರ್ಷ ಕಲ್ಕತ್ತೆಯಲ್ಲಿಟ್ಟಿತ್ತು. ಹೆಂಡತಿ ಸರ್ವಮಂಗಳಾ ಅಲ್ಲಿ ಬಂಗಾಳಿ ಎಷ್ಟು ಕಲಿತಿದ್ದಳೆಂದರೆ, ಊರಿಗೆ ಮರಳಿದ ಮೇಲೂ ನಾಲ್ಕು ಜನರ ಮುಂದೆ ಗಂಡನನ್ನು ಬೈಯಬೇಕಾದರೆ ಅದರಲ್ಲೇ ಬೈಯುತ್ತಿದ್ದಳು. ಅವಳು ಹೋಗಿ ಎರಡು ವರ್ಷ. ಆ ಭಾಷೆಯಲ್ಲಿ ಬೈಯುವವರು ಈಗ ಯಾರೂ ಇಲ್ಲ. ಎರಡು ಗಂಟೆ ಕಣ್ಣು ಮುಚ್ಚಿ ಆ ಮಾತು ಕೇಳಿಸಿಕೊಂಡರೆ ಸಾಕಿತ್ತು.

ಹಿತ್ತಿಲಿಂದ ನುಸುಳಿದರೂ ಪಕ್ಕದ ಮನೆ ಬಸವಲಿಂಗಮ್ಮ ಹಿಡಿದೇ ಬಿಟ್ಟರು.

“ಏನ್ ಜಯದೇವಪ್ಪೋರೇ, ಇಸ್ತ್ರಿ ಷರಟು! ಹೆಣ್ಣು ನೋಡಕ್ಕಾ?”

“ಸಿನಿಮಾಕ್ಕಮ್ಮ. ಬಂಗಾಳಿ. ನಿಮಗರ್ಥ ಆಗಲ್ಲ.”

“ಹೇಳಕ್ ನೀವಿದ್ದೀರಲ್ಲ!” ಗಂಡ ಪರಮಶಿವಯ್ಯ, ಅತ್ತೆ, ಕಡಲೆಪುರಿ ಚೀಲ, ಎಲ್ಲ ಸೇರಿ ಜಟಕಾ ತುಂಬಿತು.

ಟೆಂಟಿನಲ್ಲಿ ಹೆಂಗಸರಿಗೂ ಗಂಡಸರಿಗೂ ನಡುವೆ ಬಿದಿರ ತಡಿಕೆ. ಸದ್ಯ ಬದುಕಿದೆ ಎಂದು ಜಯದೇವಪ್ಪ ಮರಳಿನ ಮೇಲೆ ಕೂತರು. ಅಪ್ಸರೆ ಬಾಯಿ ತೆರೆದಳು. ಅಷ್ಟರಲ್ಲಿ ಸೌಂಡು ಮಿಷಿನ್ನು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚಿ ಸತ್ತುಹೋಯಿತು.

“ನಾಕಾಣೆ ವಾಪಸ್ ಕೊಡೋ ಬೈರಣ್ಣ!” ಸಿಳ್ಳೆಗಳೆದ್ದವು.

ತಡಿಕೆಯಾಚೆ ಬಸವಲಿಂಗಮ್ಮ ಎದ್ದು ನಿಂತರು. “ಯಾಕ್ರೀ ಗಲಾಟೆ? ನಮ್ ಜಯದೇವಪ್ಪೋರಿಗೆ ಬಂಗಾಳಿ ಅಂದ್ರೆ ನೀರು ಕುಡಿದಂಗೆ!”

ಬೈರಣ್ಣ ಓಡಿಬಂದು, ಬೀದಿಯಲ್ಲಿ ಪ್ರಚಾರ ಕೂಗುವ ತಗಡಿನ ಕೊಳವೆಯನ್ನು ಅವರ ಕೈಗಿಟ್ಟ. “ಸ್ವಾಮೀ, ಟೆಂಟ್ ಕಿತ್ತಾಕ್ಬುಡ್ತಾರೆ, ಏನಾರ ಹೇಳಿ!”

ಮೂಕವಾಗಿ ಓಡುತ್ತಿದ್ದ ಚಿತ್ರಕ್ಕೆ ಏನು ಹೇಳುವುದು? ಅಪ್ಸರೆ ಗುಮಾಸ್ತನತ್ತ ಸೌಟು ಬೀಸಿದಳು. ಜಯದೇವಪ್ಪನವರ ಬಾಯಿಗೆ ತಾನಾಗಿ ಬಂತು: “ರೀ, ಛತ್ರಿ ಮತ್ತೆಲ್ಲಿ ಬಿಟ್ಬಂದ್ರಿ? ತಲೆ ಕತ್ತಿಗಂಟಿದೆಯಲ್ಲ, ಅದೇ ನನ್ ಪುಣ್ಯ!”

ಟೆಂಟು ಬಿದ್ದು ಬಿದ್ದು ನಕ್ಕಿತು. ಅಲ್ಲಿಂದಾಚೆಗೆ ಸರ್ವಮಂಗಳಾ ಬೈದದ್ದನ್ನೆಲ್ಲ ಅವರು ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತ ಹೋದರು. ಪರಮಶಿವಯ್ಯ ನಕ್ಕು ನಕ್ಕು ಕಡಲೆಪುರಿ ನೆತ್ತಿಗೇರಿಸಿಕೊಂಡರು.

ಕೊನೆಯ ರೀಲು. ಶಾಪ ಕಳೆದು ಅಪ್ಸರೆ ಹೊರಟು ನಿಂತಿದ್ದಳು. ಫಕ್ಕನೆ ಸೌಂಡು ಬಂತು! ದುಂಡು ದುಂಡನೆಯ ಆ ಬಂಗಾಳಿ ಮಾತು ಟೆಂಟೆಲ್ಲ ತುಂಬಿತು. ಜಯದೇವಪ್ಪ ಕೊಳವೆ ಕೆಳಗಿಟ್ಟು ಕಣ್ಣು ಮುಚ್ಚಿದರು.

“ಏಯ್, ಆ ಗಿಜಿಗಿಜಿ ನಿಲ್ಸ್ರೋ! ಸ್ವಾಮೇರು ಹೇಳ್ಲಿ!” ಟೆಂಟೇ ಕೂಗಿತು.

“ನಿಲ್ಸಯ್ಯ ಬೈರಣ್ಣ, ಒಂದಕ್ಷರ ತಿಳೀತಿಲ್ಲ!” ಎಲ್ಲರಿಗಿಂತ ಜೋರು ಬಸವಲಿಂಗಮ್ಮನದೇ.

ಬೈರಣ್ಣ ಸ್ವಿಚ್ಚು ಆರಿಸಿದ. ಹೊಸ್ತಿಲಲ್ಲಿ ನಿಂತ ಅಪ್ಸರೆಯ ತುಟಿ ಮಾತ್ರ ಅಲುಗುತ್ತಿತ್ತು.

“ಏನಂತಾಳೆ ಸ್ವಾಮೀ?”

ಜಯದೇವಪ್ಪ ಕೊಳವೆ ಎತ್ತಿಕೊಂಡರು. “ಹೋಗ್ಬರ್ತೀನಿ... ಬಾಗಿಲು ಹಾಕ್ಕೊಳ್ರೀ, ಅಂತಾಳೆ.”