ಮಿತ್ರರಾಷ್ಟ್ರಕ್ಕೆ ಬೆಂಬಲ, ಮನೆಯವರ ಒಪ್ಪಿಗೆ ಮೇರೆಗೆ

ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುವವನ ಕಷ್ಟ ಏನು ಗೊತ್ತಾ? ಪುಸ್ತಕದಲ್ಲಿರೋದು ಪುಸ್ತಕದಲ್ಲೇ ಇರಲ್ಲ. ಬೆಳಗ್ಗೆ ಬೋರ್ಡಿನ ಮೇಲೆ ಬರೆದದ್ದು ಸಾಯಂಕಾಲದ ಹೊತ್ತಿಗೆ ಮನೆ ಬಾಗಿಲಿಗೆ ಬಂದು ನಿಂತಿರುತ್ತೆ. ನಾನು ಕಡೂರಿನವನು. ಕೆಲಸ ಮಾಡಿದ್ದು ಮೊದಲು ಅಜ್ಜಂಪುರದಲ್ಲಿ, ಆಮೇಲೆ ರಿಟೈರ್ ಆಗೋವರೆಗೆ ತರೀಕೆರೆಯಲ್ಲಿ. ಎಲ್ಲಿ ಹೋದರೂ ನನ್ನನ್ನು ಬಿಡದೆ ಬೆನ್ನು ಹತ್ತಿದ್ದು ಒಂದೇ ಪಾಠ. ಯುದ್ಧದಲ್ಲಿರೋ ಮಿತ್ರರಾಷ್ಟ್ರಕ್ಕೆ 'ನಾವಿದ್ದೀವಿ, ನೀನು ನುಗ್ಗು' ಅಂತ ಮಾತು ಕೊಟ್ಟ ದೇಶ, ತನ್ನ ಮನೆಯೊಳಗಿನ ರಾಜಕೀಯ ಶುರುವಾದ ಕೂಡಲೇ ಯಾಕೆ ಮೆಲ್ಲಗೆ ಹಿಂದಕ್ಕೆ ಸರಿಯುತ್ತೆ ಅನ್ನೋ ಪಾಠ. ಅದಕ್ಕೆ ಉದಾಹರಣೆ ಹುಡುಕಿಕೊಂಡು ನಾನು ಯಾವತ್ತೂ ಹೋಗಲಿಲ್ಲ. ಅವೇ ನನ್ನನ್ನು ಹುಡುಕಿಕೊಂಡು ಬಂದವು.

ಹನ್ನೊಂದು ಓಟು

ಅಜ್ಜಂಪುರದಲ್ಲಿ ಈ ಪಾಠ ಮಾಡುವಾಗ ಹುಡುಗರೆಲ್ಲ ಮಂಕಾಗಿ ಕೂತಿದ್ದರು. "ಚುನಾವಣೆ ಬಂದ ಕೂಡಲೇ ಮಿತ್ರನಿಗೆ ಕೊಡೋ ಸಹಾಯ ಯಾಕೆ ನಿಧಾನ ಆಗುತ್ತೆ? ಯಾರಾದ್ರೂ ಹೇಳ್ರಪ್ಪಾ" ಅಂದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ವರ್ಷವೆಲ್ಲ ಬಾಯಿ ಬಿಡದ ಹುಡುಗಿ.

"ನಮ್ಮನೇಲಿ ಆಗಿದೆ ಸಾರ್. ನಮ್ಮ ಚಿಕ್ಕಪ್ಪಂಗೂ ಪಕ್ಕದ ಹೊಲದೋರಿಗೂ ಬದುವಿನ ಜಗಳ. ನಮ್ಮಪ್ಪ 'ನಿನ್ನ ಬದು ಅಂದ್ರೆ ನನ್ನ ಬದು ಕಣೋ, ಬಿಡಬೇಡ' ಅಂತಿದ್ರು. ಆಮೇಲೆ ಅಪ್ಪನೇ ಪಂಚಾಯ್ತಿ ಎಲೆಕ್ಷನ್‌ಗೆ ನಿಂತ್ರು. ಮಾರನೇ ದಿನದಿಂದ 'ಲೇ, ಒಂದು ಗೇಣು ಮಣ್ಣಿಗೆ ಯಾಕೋ ಜಗಳ, ಇಬ್ರೂ ಕೂತು ಮಾತಾಡ್ಕಳಿ' ಅನ್ನಕ್ಕೆ ಶುರು ಮಾಡಿದ್ರು."

"ಯಾಕಮ್ಮಾ?"

"ಪಕ್ಕದ ಹೊಲದೋರ ಮನೇಲಿ ಹನ್ನೊಂದು ಓಟು ಸಾರ್. ಚಿಕ್ಕಪ್ಪನ ಮನೇಲಿ ಎರಡೇ."

ಇಡೀ ಕ್ಲಾಸು ಎದ್ದು ಕೂತಿತು. ನನಗೂ ಪಾಠ ಮರೆತು ಕತೆ ಮುಖ್ಯವಾಯಿತು. "ಗೆದ್ರಾ ನಿಮ್ಮಪ್ಪ?"

"ಇಲ್ಲ ಸಾರ್. ಎರಡು ಓಟಲ್ಲಿ ಸೋತ್ರು."

ಐದು ಅಂಕದ ಪ್ರಶ್ನೆ

ತರೀಕೆರೆಯಲ್ಲಿ ಒಂದು ಕಿರುಪರೀಕ್ಷೆಗೆ ನಾನು ಕೊಟ್ಟ ಪ್ರಶ್ನೆ ಇದು: 'ಯುದ್ಧನಿರತ ಮಿತ್ರರಾಷ್ಟ್ರಕ್ಕೆ ನೀಡುವ ಬೆಂಬಲದ ಮೇಲೆ ಒಳಮನೆಯ ರಾಜಕೀಯದ ಪರಿಣಾಮವೇನು?' 'ಆಂತರಿಕ' ಅಂತ ಬರೆಯೋ ಬದಲು ಅಚ್ಚಗನ್ನಡದ ಹುಮ್ಮಸ್ಸಿನಲ್ಲಿ 'ಒಳಮನೆ' ಅಂತ ಬರೆದಿದ್ದೆ. ತಪ್ಪು ನನ್ನದೇ.

ಒಬ್ಬ ವಿದ್ಯಾರ್ಥಿ ಹೀಗೆ ಉತ್ತರಿಸಿದ್ದ: 'ಬೆಂಬಲ ಕೊಡುವ ಮುನ್ನ ಒಳಮನೆಯಲ್ಲಿ ಕೇಳಬೇಕು. ಕೇಳದೆ ಕೊಟ್ಟರೆ ಎರಡು ಯುದ್ಧವಾಗುತ್ತದೆ. ಗಡಿಯಲ್ಲಿ ಆಗುವುದು ಯಾವತ್ತಾದರೂ ನಿಲ್ಲುತ್ತದೆ. ಅಡುಗೆಮನೆಯಲ್ಲಿ ಆಗುವುದು ಹಬ್ಬಹಬ್ಬಕ್ಕೂ ಮತ್ತೆ ಶುರುವಾಗುತ್ತದೆ.'

ಪ್ರಶ್ನೆ ಅರ್ಥವಾಗಿಲ್ಲ, ಆದರೆ ಉತ್ತರದಲ್ಲಿ ತಪ್ಪು ಹಿಡಿಯೋಕೂ ಬರಲ್ಲ. ನಾಲ್ಕು ಅಂಕ ಕೊಟ್ಟು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಪ್ರಿನ್ಸಿಪಾಲರೊಬ್ಬರನ್ನು ಬಿಟ್ಟು. ಅವರು ಪೇಪರು ಇಸಕೊಂಡು ಎರಡು ಸಲ ಓದಿ, ಕನ್ನಡಕ ತೆಗೆದು ಕೇಳಿದರು: "ಇದ್ರಲ್ಲಿ ಒಂದು ಮಾರ್ಕು ಯಾಕ್ರೀ ಕಳೆದ್ರಿ?"

ಸರ್ಕಾರ ಬಿದ್ದದ್ದು ಹೀಗೆ

ಅದೇ ಕಾಲೇಜಿನಲ್ಲಿ ಒಂದು ವರ್ಷ ಅಣಕು ಸಂಸತ್ತು ಮಾಡಿಸಿದೆ. ವಿಷಯ, ಯುದ್ಧದಲ್ಲಿರೋ ಮಿತ್ರರಾಷ್ಟ್ರಕ್ಕೆ ಸಹಾಯ ಕಳಿಸಬೇಕೋ ಬೇಡವೋ. ಹದಿನೈದು ದಿನ ಅಭ್ಯಾಸ ಮಾಡಿಸಿದ್ದೆ. ಪ್ರಧಾನಮಂತ್ರಿ, ವಿರೋಧ ಪಕ್ಷ, ಮಿತ್ರರಾಷ್ಟ್ರದ ರಾಯಭಾರಿ ಅಂತ ಒಬ್ಬಳು ಹುಡುಗಿ, ಎಲ್ಲ ಇದ್ದರು. ಸರ್ಕಾರ ಗೆಲ್ಲೋದು ಗ್ಯಾರಂಟಿ. ಯಾಕೆಂದರೆ ಲಕ್ಕವಳ್ಳಿ ಕಡೆಯಿಂದ ಬರೋ ಆರು ಜನರನ್ನು ಆಡಳಿತ ಪಕ್ಷದ ಕಡೆಗೇ ಕೂರಿಸಿದ್ದೆ.

ಅವತ್ತು ಬಂದಿದ್ದ ಅತಿಥಿಗಳ ಭಾಷಣ ಸ್ವಲ್ಪ ಉದ್ದವಾಯ್ತು. ಚರ್ಚೆ ಬಿಸಿಯೇರೋ ಹೊತ್ತಿಗೆ ಮೂರೂ ಮುಕ್ಕಾಲು. ರಾಯಭಾರಿ ಕೈಮುಗಿದು "ನಮ್ಮ ಮಕ್ಕಳು ಬಂಕರಿನಲ್ಲಿ ಮಲಗುತ್ತಿದ್ದಾರೆ, ಕೈಬಿಡಬೇಡಿ" ಅಂದಾಗ ಅತಿಥಿಗಳೇ ಕಣ್ಣೊರೆಸಿಕೊಂಡರು. ಪ್ರಧಾನಿ ಮೇಜು ಗುದ್ದಿ, "ಕೊನೆಯ ಉಸಿರಿನವರೆಗೂ ನಿಮ್ಮ ಜೊತೆಗಿದ್ದೇವೆ!" ಅಂದ. ಚಪ್ಪಾಳೆ. ಸಭಾಧ್ಯಕ್ಷ ಮತಕ್ಕೆ ಹಾಕೋಣ ಅನ್ನುವಷ್ಟರಲ್ಲಿ ಆರು ಜನ ಬ್ಯಾಗು ಹೆಗಲಿಗೇರಿಸಿ ಎದ್ದರು.

"ಎಲ್ರೋ ಹೊರಟ್ರಿ?" ಪ್ರಧಾನಿ ಪಾತ್ರ ಮರೆತು ಕೂಗಿದ.

"ನಾಲ್ಕು ಗಂಟೆ ಬಸ್ಸು ಕಣೋ. ಅದು ಬಿಟ್ರೆ ಆರೂವರೆಗೆ."

"ಲೇ, ಸರ್ಕಾರ ಬಿದ್ದೋಗುತ್ತೆ ಕಣ್ರೋ!"

"ಬಿದ್ರೆ ನಾಳೆ ಎತ್ತಣ ಬಿಡೋ."

ಆರೂ ಜನ ಹೋದರು, ಸರ್ಕಾರ ಮೂರು ಮತದಲ್ಲಿ ಬಿತ್ತು. ನನಗೆ ಮುಖ ಎಲ್ಲಿಡೋದು ಅಂತ ಗೊತ್ತಾಗಲಿಲ್ಲ. ಕಾರ್ಯಕ್ರಮ ಉಳಿಸೋಣ ಅಂತ, "ಈಗ ಮಿತ್ರರಾಷ್ಟ್ರದ ರಾಯಭಾರಿ ತಮ್ಮ ನೋವನ್ನು ಸದನದ ಮುಂದೆ ಹೇಳಲಿ" ಅಂತ ಘೋಷಿಸಿ ಹಿಂದಿರುಗಿ ನೋಡಿದೆ. ಕುರ್ಚಿ ಖಾಲಿ. ಕಾರಿಡಾರಿನ ಕೊನೆಯಿಂದ ದನಿ ಕೇಳಿಸಿತು: "ಸಾರ್, ನಂದೂ ಅದೇ ಬಸ್ಸು!"

ನುಗ್ಗೆಮರದ ಯುದ್ಧ

ಇಷ್ಟೆಲ್ಲ ಕಂಡ ಮೇಲೆ ನಾನಾದರೂ ಬುದ್ಧಿ ಕಲಿಯಬೇಕಿತ್ತು. ಇಲ್ಲ.

ಕಡೂರಿನ ನಮ್ಮ ಸಾಲಿನಲ್ಲಿ ಮೂರು ಮನೆ. ಮೊದಲು ನಮ್ಮದು. ನಡುವೆ, ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ರಿಟೈರ್ ಆದವರದು. ಅವರನ್ನು ಬೀದಿಯವರೆಲ್ಲ ಭಾಯಿ ಅಂತಲೇ ಕರೆಯೋದು. ಅವರ ಆ ಪಕ್ಕದಲ್ಲಿ ರಿಟೈರ್ಡ್ ಹೆಡ್ ಮಿಸ್ ಮನೆ. ಹೆಡ್ ಮಿಸ್ ಮನೆಯ ನುಗ್ಗೆಮರದ ಕೊಂಬೆ ಭಾಯಿ ಮನೆ ಅಂಗಳದ ಮೇಲೆ ಚಾಚಿತ್ತು. ನುಗ್ಗೆಮರಕ್ಕೆ ಕಂಬಳಿಹುಳ ಹತ್ತಿತ್ತು. ಒಂದು ಬೆಳಗ್ಗೆ ಭಾಯಿ ಅಂಗಳದಲ್ಲಿಟ್ಟಿದ್ದ ಹೆಲ್ಮೆಟ್ ಹಾಕಿಕೊಂಡರು. ಒಳಗೆ ಹುಳ ಮೊದಲೇ ಬಂದು ಕೂತಿತ್ತು. ಆಮೇಲೆ ಅವರು ಬೀದಿಯಲ್ಲಿ ಕುಣಿದದ್ದನ್ನು ನಾವು ಕಣ್ಣಾರೆ ನೋಡಿದೆವು. ನೆತ್ತಿ ಬೋಂಡದ ಹಾಗೆ ಊದಿಕೊಂಡಿತು.

ಭಾಯಿ ಹೋಗಿ ಕೊಂಬೆ ಕಡಿಸಿ ಅಂದರು. ಹೆಡ್ ಮಿಸ್, "ಮರ ನಂದು, ಒಪ್ತೀನಿ. ಹುಳ ನಾನು ಸಾಕಿದ್ದಲ್ಲ" ಅಂದರು. ಯುದ್ಧ ಘೋಷಣೆಯಾಯಿತು.

ನಮ್ಮ ಮನೆಯಲ್ಲಿ ಉದ್ದನೆ ಬಿದಿರಿನ ತುದಿಗೆ ಕುಡುಗೋಲು ಕಟ್ಟಿದ ದೋಟಿ ಇದೆ. "ಭಾಯಿ, ನಾನು ನಿಮ್ಮ ಜೊತೆಗಿದ್ದೀನಿ. ದೋಟಿ ನಿಮ್ಮದೇ ಅನ್ಕೊಳ್ಳಿ" ಅಂತ ಬೀದಿಗೇ ಕೇಳೋ ಹಾಗೆ ಹೇಳಿ ಒಳಗೆ ಬಂದೆ. ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಏನ್ರೀ ಅದು, ದೋಟಿ ಗೀಟಿ ಅಂತಿದ್ರಿ? ಬರೋ ಭಾನುವಾರ ನಮ್ಮ ಮಹಿಳಾ ಸಂಘದ ಎಲೆಕ್ಷನ್ ಇದೆ, ನಾನು ಅಧ್ಯಕ್ಷೆ ಆಗಬೇಕೋ ಬೇಡ್ವೋ? ಹೆಡ್ ಮಿಸ್ ಕೈಲಿ ನಾಲ್ಕು ಓಟು ಇದೆ."

"ಭಾಯಿಗೆ ಮಾತು ಕೊಟ್ಬಿಟ್ಟೆ ಕಣೇ."

"ಮಾತು ತಾನೇ ಕೊಟ್ಟಿರೋದು? ದೋಟಿ ಕೊಟ್ಟಿಲ್ವಲ್ಲ."

ಮಾರನೇ ದಿನ ಭಾಯಿ ಬಂದರು. ಕುಡುಗೋಲು ಮೊಂಡಾಗಿದೆ, ಸಾಣೆ ಹಿಡಿಸಬೇಕು ಅಂದೆ. ಮತ್ತೊಂದು ದಿನ ಬಂದರು. ಬಿದಿರು ಸೀಳಿದೆ ಅಂದೆ. ನನ್ನ ಹೆಂಡತಿ ಮರುಕಪಟ್ಟು ಅವರ ನೆತ್ತಿಗೆ ಅಂತ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಬಟ್ಟಲಲ್ಲಿ ಕೊಟ್ಟಳು. ಭಾಯಿ ಬಟ್ಟಲು ನೋಡಿದರು, ನನ್ನ ಮುಖ ನೋಡಿದರು.

"ಎಣ್ಣೆ ಆಯ್ತು ಮೇಷ್ಟ್ರೇ. ದೋಟಿ?"

"ಎಲೆಕ್ಷನ್ ಒಂದು ಮುಗೀಲಿ ಭಾಯಿ, ಖಂಡಿತ ಕೊಡ್ತೀನಿ."

"ಎಲೆಕ್ಷನ್ ಇದೆ ಅಂತ ಹುಳಕ್ಕೆ ಗೊತ್ತಾ?" ಅಂತಷ್ಟೇ ಕೇಳಿ ಹೊರಟುಹೋದರು. ಅವತ್ತು ನನಗೆ ಅನ್ನ ಸೇರಲಿಲ್ಲ. ಮೂವತ್ತು ವರ್ಷದ ಸ್ನೇಹ.

ಭಾನುವಾರ ನಮ್ಮ ಮನೆ ಹಾಲಿನಲ್ಲೇ ಎಲೆಕ್ಷನ್. ಹದಿನೈದು ಜನ ಸದಸ್ಯೆಯರು. ನನ್ನ ಹೆಂಡತಿಗೆ ಎದುರಾಗಿ ನಿಂತಿದ್ದವರು ಹಿಂದಿನ ಬೀದಿಯ ಬ್ಯೂಟಿ ಪಾರ್ಲರಿನಾಕೆ. ಎಣಿಸೋ ಕೆಲಸ ನನಗೆ. ಸ್ಟೀಲ್ ಡಬ್ಬಿ ಮುಚ್ಚಳ ತೆಗೆದು ಒಂದೊಂದೇ ಚೀಟಿ ಬಿಡಿಸಿದೆ. ಇವಳಿಗೆ ಏಳು, ಅವರಿಗೆ ಏಳು. ಕೊನೆಯ ಚೀಟಿ ಬಿಡಿಸಿದರೆ ಖಾಲಿ.

"ಯಾರದ್ರೀ ಇದು?" ನನ್ನ ಹೆಂಡತಿಯ ಕಣ್ಣು ನೆಟ್ಟಗೆ ಹೆಡ್ ಮಿಸ್ ಕಡೆ ಹೋಯಿತು. "ನಂದಲ್ಲಮ್ಮ, ನಾನು ದಪ್ಪಕ್ಷರದಲ್ಲಿ ನಿನ್ನ ಹೆಸರೇ ಬರೆದಿದೀನಿ" ಅಂದರು ಹೆಡ್ ಮಿಸ್.

ಮೂಲೆಯಲ್ಲಿ ಕೂತಿದ್ದ ಭಾಯಿ ಹೆಂಡತಿ ಮೆಲ್ಲಗೆ ಕೈಯೆತ್ತಿದರು. ಬಹಳ ಮೆದು ಮಾತಿನ ಹೆಂಗಸು. ಅವರ ಓಟು ನಮಗೇ ಅಂದುಕೊಂಡು ನನ್ನ ಹೆಂಡತಿ ಅವರ ಮನೆಗೆ ಕೇಳೋಕೂ ಹೋಗಿರಲಿಲ್ಲ.

"ನಂದು ಅಕ್ಕಾ. ನಮ್ಮ ಸಪೋರ್ಟು ಪೂರ್ತಿ ನಿಮಗೇ. ಓಟು ಮಾತ್ರ ಎಲೆಕ್ಷನ್ ಮುಗಿದ್ಮೇಲೆ ಕೊಡ್ತೀನಿ."

ಮೊದಲು ನಕ್ಕಿದ್ದು ಹೆಡ್ ಮಿಸ್. "ಅಯ್ಯೋ, ಇಷ್ಟೆಲ್ಲ ಆಗಿದೆಯೇನ್ರೇ? ಕಡೀರಪ್ಪಾ ಆ ಕೊಂಬೆನ! ಹುಳ ನಮ್ಮ ಅಡುಗೆಮನೆಗೂ ಬಂದಿದೆ, ಹೇಳೋಕೆ ಮಾನ ಹೋಗುತ್ತೆ ಅಂತ ಸುಮ್ಮನಿದ್ದೆ." ನನ್ನ ಹೆಂಡತಿ ಮುಖ ಕೆಂಪಾಗಿತ್ತು. ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು, "ರೀ, ನಿಂತು ಏನ್ ನೋಡ್ತೀರಾ, ದೋಟಿ ತನ್ನಿ!" ಅಂತ ಕೂಗಿದಳು.

ಚೀಟಿ ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದೆ. ಹದಿನೈದೂ ಜನ ಹೆಂಗಸರು ನೋಡ್ತಿರುವಾಗ ಭಾಯಿ ಅದೇ ಹೆಲ್ಮೆಟ್ ಹಾಕಿಕೊಂಡು ಕೊಂಬೆ ಎಳೆದು ಕೆಡವಿದರು. ಅವರ ಹೆಂಡತಿ ಅಲ್ಲೇ ಕಾಂಪೌಂಡಿನ ಮೇಲೆ ಚೀಟಿ ಇಟ್ಟು ಹೆಸರು ಬರೆದುಕೊಟ್ಟರು. ಏಳರ ಎದುರು ಎಂಟು ಓಟಿನಿಂದ ನನ್ನ ಹೆಂಡತಿ ಅಧ್ಯಕ್ಷೆಯಾದಳು.

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಪಾರ್ಲರಿನಾಕೆ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಭಾಯಿ ಹೆಂಡತಿಯನ್ನು ತರಾಟೆಗೆ ತಗೊಂಡರು:

"ಏನ್ರೀ ಇದು ಅನ್ಯಾಯ! ನಮ್ಮನೇಲಿ ಎರಡು ದೋಟಿ ಇದಾವೆ. ಒಂದ್ ಮಾತು ಹೇಳಬಾರದಿತ್ತಾ?"